ಪೈಥಾನ್ 3.11ರ ಆ್ಯಡ್_ನೋಟ್: ಚೀಟಿ ಅಂಟುತ್ತದೆ, ಲಾಗ್‌ಗೆ ಬರುವಷ್ಟರಲ್ಲಿ ಉದುರುತ್ತದೆ

ಪೈಥಾನ್ ಭಾಷೆಯಲ್ಲಿ, ಪಠ್ಯವನ್ನು ಪೂರ್ಣಾಂಕವಾಗಿಸುವ ಇಂಟ್‌ಗೆ '12,500' ಕೊಟ್ಟರೆ ವ್ಯಾಲ್ಯೂಎರರ್ (ಮೌಲ್ಯ ಸರಿಯಿಲ್ಲವೆಂಬ ದೋಷ) ಬರುತ್ತದೆ. ಕೆಟ್ಟ ಮೌಲ್ಯ ಯಾವುದೆಂದು ಪೈಥಾನ್ ಹೇಳುತ್ತದೆ. 40,000 ಸಾಲಿನ ಸಿಎಸ್‌ವಿಯಲ್ಲಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಫೈಲ್) ಅದು ಎಲ್ಲಿ ಕೂತಿದೆ ಎಂದು ಹೇಳುವುದಿಲ್ಲ. (ಅದೇ '೧೨೫೦೦' ಎಂದು ಕನ್ನಡ ಅಂಕಿಯಲ್ಲಿ ಕೊಟ್ಟು ನೋಡಿ, ತಕರಾರಿಲ್ಲದೆ ಓದಿಕೊಳ್ಳುತ್ತದೆ!) 2022ರ ಅಕ್ಟೋಬರ್‌ನಲ್ಲಿ ಬಂದ 3.11ರ ಆ್ಯಡ್_ನೋಟ್ ಇರುವುದು ಇದಕ್ಕೇ. ಹಿಡಿದ ಎಕ್ಸೆಪ್ಶನ್‌ಗೆ (ಕೋಡ್ ಓಡುವಾಗ ಎದ್ದ ದೋಷದ ಆಬ್ಜೆಕ್ಟ್) ಒಂದು ಚೀಟಿ, ಅಂದರೆ ಟಿಪ್ಪಣಿ ಅಂಟಿಸಿ, ಹಾಗೇ ಮೇಲಕ್ಕೆ ಬಿಡಬಹುದು. ರೇಸ್-ಫ್ರಮ್ ಹಾಕಿ ಹೊಸ ಎಕ್ಸೆಪ್ಶನ್‌ನಲ್ಲಿ ಸುತ್ತಿದರೆ ಟೈಪ್ ಬದಲಾಗಿ, ಮೇಲೆ ವ್ಯಾಲ್ಯೂಎರರ್‌ಗಾಗಿ ಕಾದಿರುವ ಕೋಡ್ ಕೈಬಿಡುತ್ತದೆ. ಇಲ್ಲಿ ಆ ತಾಪತ್ರಯವಿಲ್ಲ.

ದಿನನಿತ್ಯದ ಬಳಕೆ ಮೂರೇ ಹೆಜ್ಜೆ. ಲೂಪಿನೊಳಗೇ ಟ್ರೈ, ಎಕ್ಸೆಪ್ಟ್‌ನಲ್ಲಿ ಫೈಲ್ ಹೆಸರು, ಸಾಲು, ಕಾಲಂ, ಮೌಲ್ಯ ಇರುವ ಎಫ್-ಸ್ಟ್ರಿಂಗ್ (ಮೌಲ್ಯಗಳನ್ನು ಒಳಗೇ ಸೇರಿಸಿಕೊಳ್ಳುವ ಪಠ್ಯ) ಆ್ಯಡ್_ನೋಟ್‌ಗೆ, ಕೊನೆಗೆ ದೋಷವನ್ನು ಮತ್ತೆ ಮೇಲಕ್ಕೆ ಬಿಡುವ ಬರೀ ರೇಸ್. ಸಾಲಿನ ಸಂಖ್ಯೆಗೆ, ಲೂಪಿನ ಸುತ್ತು ಎಣಿಸುವ ಎನ್ಯುಮರೇಟ್ ನಂಬಬೇಡಿ. ವಿಳಾಸದ ಕಾಲಮಿನಲ್ಲಿ ಯಾರೋ ಎಂಟರ್ ಒತ್ತಿದ್ದರೆ ಅಲ್ಲಿಂದಾಚೆ ಲೆಕ್ಕ ತಪ್ಪುತ್ತದೆ. ಸಿಎಸ್‌ವಿ ರೀಡರ್‌ನ ಲೈನ್_ನಮ್ ಫೈಲಿನ ನಿಜವಾದ ಸಾಲನ್ನು ಕೊಡುತ್ತದೆ. ಎಫ್-ಸ್ಟ್ರಿಂಗ್‌ನಲ್ಲಿ ಮೌಲ್ಯದ ಹೆಸರಿನ ನಂತರ !ಆರ್ (ಅಡಗಿದ ಅಕ್ಷರಗಳನ್ನೂ ಕೋಡ್ ರೂಪದಲ್ಲಿ ತೋರಿಸುವ ಗುರುತು) ಮರೆಯಬೇಡಿ. 'ರಾಜ್‌ಕುಮಾರ್' ನಡುವೆ ಅಡಗಿರುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ ಆಗ \ಯು200ಸಿ ಎಂದು ಬಯಲಾಗುತ್ತದೆ. ನೋಡಲು ಒಂದೇ ತರಹದ ಎರಡು ಹೆಸರು ಯಾಕೆ ಹೊಂದುತ್ತಿಲ್ಲ ಎಂದು ತಲೆ ಕೆರೆದುಕೊಂಡವರಿಗೆ ಇದರ ಬೆಲೆ ಗೊತ್ತು. ಚೀಟಿ ಮೂಡುವುದು ಟ್ರೇಸ್‌ಬ್ಯಾಕ್‌ನ (ದೋಷ ಎಲ್ಲಿಂದ ಬಂತೆಂಬ ವರದಿ) ತೀರಾ ಕೆಳಗೆ, ಎರರ್ ಸಾಲಿನ ಕೆಳಗೇ, ಅಂದರೆ ಟರ್ಮಿನಲ್‌ನಲ್ಲಿ ಕಣ್ಣು ಮೊದಲು ಬೀಳುವಲ್ಲಿ. ಎಕ್ಸೆಪ್ಶನ್ ಬರದಿದ್ದರೆ ಎಫ್-ಸ್ಟ್ರಿಂಗ್ ಕಟ್ಟುವ ಖರ್ಚೂ ಇಲ್ಲ.

ಇಷ್ಟು ಹೊಗಳಿದ ಮೇಲೆ ಬೈಗುಳ. ಎಕ್ಸೆಪ್ಶನ್ 'ಇ'ಯನ್ನು ಪಠ್ಯವಾಗಿಸುವ ಎಸ್‌ಟಿಆರ್(ಇ) ಈ ಚೀಟಿಯನ್ನು ಕೊಡುವುದೇ ಇಲ್ಲ. ನಮ್ಮಲ್ಲಿ ಎಷ್ಟು ಕೋಡ್‌ಬೇಸ್‌ಗಳಲ್ಲಿ 'ವಿಫಲ: %ಎಸ್' ಎಂದು ಲಾಗ್‌ಗೆ ದೋಷ ಬರೆಯುವ ಲಾಗರ್.ಎರರ್‌ಗೆ ಇ ತುರುಕಿರುತ್ತಾರೆ ನೋಡಿ. ಅಲ್ಲೆಲ್ಲ ಶ್ರಮಪಟ್ಟು ಬರೆದ ಸಾಲು ಸಂಖ್ಯೆ ಸದ್ದಿಲ್ಲದೆ ಮಾಯ. ಲ್ಯಾಪ್‌ಟಾಪ್‌ನಲ್ಲಿ ಕಂಡಿದ್ದು ಸರ್ವರ್ ಲಾಗ್‌ನಲ್ಲಿ ಇಲ್ಲ, ಎಚ್ಚರಿಕೆಯೂ ಇಲ್ಲ. ಲಾಗರ್.ಎಕ್ಸೆಪ್ಶನ್ ಬಳಸಿದರೆ ಪೂರ್ತಿ ಟ್ರೇಸ್‌ಬ್ಯಾಕ್ ಜೊತೆ ಚೀಟಿಯೂ ಬರುತ್ತದೆ. ಲಾಗನ್ನು ಜೇಸನ್ ರೂಪಕ್ಕೆ ತರುವ ಸ್ವಂತ ಫಾರ್ಮ್ಯಾಟರ್ ಇದ್ದರೆ, ಚೀಟಿಗಳು ಸೇರುವ __ನೋಟ್ಸ್__ ಲಿಸ್ಟನ್ನು ಡಿಫಾಲ್ಟ್ ಮೌಲ್ಯ ಕೊಟ್ಟ ಗೆಟ್‌ಆ್ಯಟರ್‌ನಿಂದ ಎತ್ತಿ ಬೇರೆ ಫೀಲ್ಡಿಗೆ ಹಾಕಿ. ನೇರವಾಗಿ ಓದಬೇಡಿ, ಮೊದಲ ಚೀಟಿ ಬೀಳುವ ತನಕ ಆ ಲಿಸ್ಟೇ ಹುಟ್ಟಿರುವುದಿಲ್ಲ.

ಚೀಟಿಗಳನ್ನು ಕ್ಲಿಯರ್ ಮಾಡುವ ಮೆಥಡ್ ಕೊಟ್ಟಿಲ್ಲ ಎಂಬುದು ಇನ್ನೊಂದು ಕಿರಿಕಿರಿ. ಮುಂದೆ ಸಿಗಲಿರುವ ಫಲಿತಾಂಶವನ್ನು ಹಿಡಿದಿಡುವ ಫ್ಯೂಚರ್‌ನ ರಿಸಲ್ಟ್ ಎಷ್ಟು ಸಲ ಕರೆದರೂ ಅದೇ ಎಕ್ಸೆಪ್ಶನ್ ಆಬ್ಜೆಕ್ಟ್ ಮತ್ತೆ ಬರುತ್ತದೆ. ಪ್ರತಿ ಸಲ ಚೀಟಿ ಅಂಟಿಸುವ ಕೋಡ್ ಇದ್ದರೆ ಒಂದೇ ವಾಕ್ಯ ಐದಾರು ಬಾರಿ. ಆಧಾರ್, ಪಾಸ್‌ವರ್ಡ್ ಇತ್ಯಾದಿ ಚೀಟಿಗೆ ಹಾಕುವಂತಿಲ್ಲ ಎಂದು ಬೇರೆ ಹೇಳಬೇಕಿಲ್ಲ. ದಾಖಲೆಯ ಐಡಿ ಸಾಕು.

ಕಾಸು ಖರ್ಚಿಲ್ಲ, ಲೈಬ್ರರಿ ಬೇಡ, ಹೊಸ ಕೋಡಿಗೆ ಐದಕ್ಕೆ ನಾಲ್ಕು ಅಂಕ. ಆದರೆ ಒಂದಾದರೂ ಸರ್ವರ್ 3.10ರಲ್ಲೇ ನಿಂತಿದ್ದರೆ ಸದ್ಯಕ್ಕೆ ಮುಟ್ಟಬೇಡಿ. ಅಲ್ಲಿ ಈ ಮೆಥಡ್ಡೇ ಇಲ್ಲ. ವ್ಯಾಲ್ಯೂಎರರ್ ಹಿಡಿಯಲು ಹೋದ ಎಕ್ಸೆಪ್ಟ್ ಬ್ಲಾಕ್ ತಾನೇ ಆ್ಯಟ್ರಿಬ್ಯೂಟ್‌ಎರರ್ ಕೊಟ್ಟು ಬೀಳುತ್ತದೆ.