ಟ್ರಾಲ್ ಬೋಟಿನ ಇಂಜೆಕ್ಷನ್ ಪಂಪ್ ರಿಪೇರಿ: ಮೂರು ಹಂಗಾಮುಗಳ ನಂತರ

ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ನಮ್ಮ ಟ್ರಾಲ್ ಬೋಟಿನದು ಆರು ಸಿಲಿಂಡರಿನ ಎಂಜಿನ್. ಪ್ರತಿ ಸಿಲಿಂಡರಿಗೂ ಅಳತೆಯ ಡೀಸೆಲನ್ನು ಒತ್ತಡದಿಂದ ಕಳಿಸುವ, ಸೋರುತ್ತಿದ್ದ ಅದರ ಇನ್‌ಲೈನ್ ಇಂಜೆಕ್ಷನ್ ಪಂಪನ್ನು 2022ರ ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ಮಂಗಳೂರಿನ ಒಂದು ಕ್ಯಾಲಿಬ್ರೇಶನ್ ವರ್ಕ್‌ಶಾಪಿನಲ್ಲಿ ಪೂರ್ತಿ ಬಿಚ್ಚಿಸಿ ಮಾಡಿಸಿದೆವು. ರಿಪೇರಿಯಾದ ವಾರದಲ್ಲಿ ಎಲ್ಲ ಪಂಪುಗಳೂ ಚೆನ್ನಾಗಿಯೇ ಇರುತ್ತವೆ. ಆದ್ದರಿಂದ ಮೂರು ಹಂಗಾಮು ಮುಗಿಯುವವರೆಗೆ ಕಾದು ಬರೆಯುತ್ತಿದ್ದೇನೆ.

ಮೊದಲು ಕಂಡದ್ದು ಮೂರನೇ ಸಿಲಿಂಡರಿನ ಡೆಲಿವರಿ ವಾಲ್ವ್ ಹೋಲ್ಡರಿನ (ಪಂಪಿನಿಂದ ಡೀಸೆಲ್ ಹೊರಹೋಗುವ ವಾಲ್ವನ್ನು ಹಿಡಿದಿಡುವ ತಿರುಪು ಭಾಗದ) ಬುಡದ ಒದ್ದೆ. ಒರೆಸಿದರೆ ಹತ್ತು ನಿಮಿಷದಲ್ಲಿ ಮತ್ತೆ ಡೀಸೆಲ್ ಹನಿಗಟ್ಟುತ್ತಿತ್ತು. ದಕ್ಕೆಯಲ್ಲಿ ಸಿಕ್ಕ ಮೆಕ್ಯಾನಿಕ್ ಉದ್ದನೆಯ ಸ್ಪ್ಯಾನರ್ ಹಾಕಿ ಹೋಲ್ಡರನ್ನು ಇನ್ನಷ್ಟು ಬಿಗಿದರು. ಸೋರಿಕೆ ನಿಲ್ಲಲಿಲ್ಲ, ನಿಲ್ಲುವಂತೆಯೂ ಇರಲಿಲ್ಲ. ಅಲ್ಲಿ ಡೀಸೆಲನ್ನು ತಡೆಯುವುದು ಹೋಲ್ಡರಿನ ಸುತ್ತ ಕೂತ ರಬ್ಬರ್ ಓರಿಂಗ್. ಅದು ಗಟ್ಟಿಯಾಗಿ ಹೋದಮೇಲೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಅತಿಯಾಗಿ ಬಿಗಿದರೆ ಕೆಳಗಿನ ಬ್ಯಾರಲ್ ಎಂಬ ಕೊಳವೆ ಸ್ವಲ್ಪ ಸೊಟ್ಟಗಾಗಿ, ಅದರೊಳಗೆ ಎರಡು ಮೂರು ಮೈಕ್ರಾನ್ ಎಡೆಯಲ್ಲಿ ಸಲೀಸಾಗಿ ಆಡಬೇಕಾದ, ಡೀಸೆಲನ್ನು ಒತ್ತುವ ಪ್ಲಂಜರ್ ಹಿಡಿದುಕೊಳ್ಳುತ್ತದೆ. ಅದರಿಂದ, ಡೀಸೆಲ್ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ಸರಳಾದ ರ್‍ಯಾಕ್ ಸಿಕ್ಕಿಕೊಂಡರೆ ಆಕ್ಸಿಲರೇಟರ್ ಇಳಿಸಿದರೂ ಎಂಜಿನ್ನಿನ ವೇಗ ಇಳಿಯುವುದಿಲ್ಲ. ನಮ್ಮದು ಅಲ್ಲಿಯವರೆಗೆ ಹೋಗಲಿಲ್ಲವಾದರೂ ರ್‍ಯಾಕ್ ಬಿಗಿಯಾಗಿ ಆಡತೊಡಗಿದ್ದನ್ನು ಬೋಟಿನ ಡ್ರೈವರ್ ಗಮನಿಸಿದ್ದರು.

ಹೊರಗಿನ ಹನಿಗಿಂತ ನನ್ನನ್ನು ಹೆದರಿಸಿದ್ದು ಆಯಿಲ್ ಕಡ್ಡಿ. ಒಂಬತ್ತು ದಿನಗಳ ಮೀನುಗಾರಿಕೆ ಮುಗಿಸಿ ಬಂದಾಗ ಎಂಜಿನ್ ಆಯಿಲ್ ಇಳಿದಿರಬೇಕಾದ ಜಾಗದಲ್ಲಿ ಮೇಲಿನ ಗೆರೆಗಿಂತ ಒಂದು ಬೆರಳಿನಷ್ಟು ಏರಿತ್ತು. ಒಂದು ತೊಟ್ಟನ್ನು ಫಿಲ್ಟರ್ ಕಾಗದದ ಮೇಲೆ ಬಿಟ್ಟು ನೋಡಿದೆ. ನಡುವಿನ ಕಪ್ಪು ಚುಕ್ಕೆಯ ಸುತ್ತ ತೆಳುವಾದ ಡೀಸೆಲ್ ವಲಯ ಅಗಲವಾಗಿ ಹರಡಿತು. ನಮ್ಮ ಪಂಪಿಗೆ ಎಂಜಿನ್ ಆಯಿಲೇ ಹೋಗಿ ಮರಳುವುದರಿಂದ, ಸವೆದ ಪ್ಲಂಜರಿನ ಬದಿಯಿಂದ ಇಳಿದ ಡೀಸೆಲ್ ನೇರವಾಗಿ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪಿಗೆ ಸೇರುತ್ತಿತ್ತು. ತೆಳುವಾದ ಆಯಿಲಿನಲ್ಲಿ ಇನ್ನೊಂದು ತಿಂಗಳು ಓಡಿಸಿದ್ದರೆ ಬೇರಿಂಗುಗಳ ಲೆಕ್ಕ ಬೇರೆಯೇ ಆಗುತ್ತಿತ್ತು.

ವರ್ಕ್‌ಶಾಪಿನಲ್ಲಿ, ಬಿಚ್ಚುವ ಮೊದಲೇ ಪಂಪನ್ನು ಟೆಸ್ಟ್ ಬೆಂಚಿಗೆ ಹಾಕಿ ತೋರಿಸಬೇಕೆಂದು ನಾನು ಕೇಳಿದ್ದು ಒಳ್ಳೆಯದಾಯಿತು. ಒಂದೊಂದು ಸಿಲಿಂಡರಿನ ಪಾಲಿನ ಡೀಸೆಲ್ ಬೀಳುವ, ಸಾಲಾಗಿ ನಿಂತ ಆರು ಗಾಜಿನ ಕೊಳವೆಗಳಲ್ಲಿ ನಾಲ್ಕರ ಮಟ್ಟ ಹೆಚ್ಚುಕಡಿಮೆ ಒಂದೇ ಆಗಿತ್ತು. ಮೂರನೆಯದೂ ಐದನೆಯದೂ ಕಣ್ಣಿಗೇ ಕಾಣುವಷ್ಟು ಕೆಳಗಿದ್ದವು. ಆರೂ ಎಲಿಮೆಂಟುಗಳನ್ನೂ (ಪ್ಲಂಜರ್-ಬ್ಯಾರಲ್ ಜೋಡಿಗಳನ್ನೂ) ಡೆಲಿವರಿ ವಾಲ್ವುಗಳನ್ನೂ ಬದಲಿಸಿದರು, ಓರಿಂಗುಗಳನ್ನು ಶಾಖ, ಡೀಸೆಲ್ ತಡೆಯುವ ವಿಟಾನ್ ರಬ್ಬರಿನವು ಹಾಕಿದರು, ಹೋಲ್ಡರುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿದರು. ಮರಳಿ ಕೂರಿಸುವಾಗ ಒಂದನೇ ಸಿಲಿಂಡರಿನ ಹನಿ ನಿಲ್ಲುವ ಕ್ಷಣ ನೋಡಿ ಟೈಮಿಂಗ್ (ಡೀಸೆಲ್ ಚಿಮ್ಮುವ ಸಮಯ) ಹೊಂದಿಸಲು ಅವರ ಹುಡುಗನೊಬ್ಬ ಮಲ್ಪೆಯವರೆಗೆ ಬಂದ. ನಾಲ್ಕು ದಿನಗಳ ಕೆಲಸ, ಇಪ್ಪತ್ತಾರು ಸಾವಿರದ ಬಿಲ್ಲು. ದುಬಾರಿ ಎಂದು ಆಗ ಅನಿಸಿತ್ತು, ಈಗ ಅನಿಸುವುದಿಲ್ಲ.

ಈ ಮೂರು ಹಂಗಾಮುಗಳಲ್ಲಿ ಆಯಿಲ್ ಮಟ್ಟ ಒಮ್ಮೆಯೂ ಏರಿಲ್ಲ. ಪ್ರತಿ ಸಲವೂ ಸ್ವಲ್ಪ ಇಳಿದೇ ಬರುತ್ತದೆ. ಬಲೆ ಎಳೆಯುವಾಗ ಬರುತ್ತಿದ್ದ ಕಪ್ಪು ಹೊಗೆ ಬಹುಪಾಲು ನಿಂತಿದೆ. ಡೀಸೆಲ್ ಎಷ್ಟು ಉಳಿಯಿತೆಂದು ಕೇಳುವವರಿಗೆ ನಾನು ಅಂಕಿ ಕೊಡುವುದಿಲ್ಲ, ಏಕೆಂದರೆ ಗಾಳಿ, ನೀರಿನ ಸೆಳೆತ ಮತ್ತು ಸಿಗುವ ಮೀನಿನ ಮೇಲೆ ಪ್ರತಿ ಸಲದ ಲೆಕ್ಕ ಬದಲಾಗುತ್ತದೆ.

ಆಕ್ಷೇಪಗಳೂ ಇವೆ. ಬಿಲ್ಲಿನಲ್ಲಿ ‘ಪಂಪ್ ಕೆಲಸ’ ಎಂದಷ್ಟೇ ಬರೆದಿದ್ದರು. ಬಿಡಿಭಾಗಗಳ ವಿವರವನ್ನೂ ಹಳೆಯ ಪ್ಲಂಜರುಗಳನ್ನೂ ಎರಡು ಸಲ ಕೇಳಿ ಪಡೆಯಬೇಕಾಯಿತು. ಅದಕ್ಕಿಂತ ಹೆಚ್ಚಾಗಿ, ಪಂಪಿನ ಪಕ್ಕಕ್ಕೇ ಬೋಲ್ಟ್ ಮಾಡಿದ್ದ, ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪನ್ನು ಅವರು ಒರೆಸಿ ಹಾಗೆಯೇ ಕೊಟ್ಟಿದ್ದರು. ಎರಡನೇ ಹಂಗಾಮಿನ ನಡುವೆ ಕೈಯಿಂದ ಒತ್ತಿ ಲೈನಿಗೆ ಡೀಸೆಲ್ ತುಂಬಿಸುವ ಅದರ ಹ್ಯಾಂಡ್ ಪ್ರೈಮರ್ ಜಿನುಗತೊಡಗಿತು. ಎಂಜಿನ್ ನಿಂತಾಗ ಅದೇ ದಾರಿಯಲ್ಲಿ ಲೈನಿಗೆ ಗಾಳಿ ಸೇರಿ, ಬೆಳಗಿನ ಜಾವ ಸ್ಟಾರ್ಟ್ ಆಗದೆ ಸಮುದ್ರದ ನಡುವೆ ಒಂದೂವರೆ ಗಂಟೆ ಏರ್ ತೆಗೆಯುತ್ತ ಕೂರಬೇಕಾಯಿತು. ಮುಖ್ಯ ಪಂಪನ್ನು ಹೊಸದರಂತೆ ಮಾಡಿಕೊಟ್ಟವರು ಒಂದು ಸಣ್ಣ ಸೀಲನ್ನು ಏಕೆ ಬಿಟ್ಟರೋ ತಿಳಿಯದು.

ಮುಂದಿನ ನಿಷೇಧದ 61 ದಿನಗಳಲ್ಲಿ ಅಲ್ಲಿಗೇ ಮತ್ತೆ ಕೊಡಲಿದ್ದೇನೆ. ಈ ಸಲ ಚೀಟಿಯಲ್ಲಿ ಫೀಡ್ ಪಂಪಿನ ಹೆಸರನ್ನು ಮೊದಲು ಬರೆಸುತ್ತೇನೆ.