ದಿನಾ ಸ್ಟ್ಯಾಂಡಪ್ಪೋ, ಒಬ್ಬೊಬ್ಬರ ಜೊತೆ ಮಾತೋ?

ಹೊಸದಾಗಿ ಟೀಮ್ ಲೀಡ್ ಆಗಿದ್ದೀರಿ. ಎರಡಕ್ಕೂ ಸಮಯ ಸಾಲುವುದಿಲ್ಲ, ಅಲ್ವಾ?

ಸ್ಟ್ಯಾಂಡಪ್ ಅಂದರೆ ಇಡೀ ಟೀಮ್ ಸೇರಿ ಕೆಲಸ ಎಲ್ಲಿಗೆ ಬಂತು ಅಂತ ಹೇಳುವ ಚುಟುಕು ಮೀಟಿಂಗ್. ಸಾಫ್ಟ್‌ವೇರ್ ಟೀಮುಗಳು ಬಳಸುವ ಸ್ಕ್ರಮ್ ಪದ್ಧತಿಯಲ್ಲಿ ಇದಕ್ಕೆ 15 ನಿಮಿಷ ಅಷ್ಟೇ. ಯಾರ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಅಂತ ಬೇಗ ಗೊತ್ತಾಗುತ್ತದೆ. ಆದರೆ ಎಲ್ಲರ ಮುಂದೆ ‘ನನಗೆ ಕೆಲಸ ಜಾಸ್ತಿಯಾಗಿದೆ’ ಅಂತ ಯಾರು ಹೇಳುತ್ತಾರೆ? ‘ನಡೀತಿದೆ ಸರ್’ ಅಂದು ಸುಮ್ನಾಗುತ್ತಾರೆ.

ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂತರೆ ಕತೆಯೇ ಬೇರೆ. ನಮ್ಮ ಟೀಮಿನಲ್ಲಿ ಮೂರು ವಾರ ‘ಎಲ್ಲಾ ಸರಿಯಿದೆ’ ಅನ್ನುತ್ತಿದ್ದ ಒಬ್ಬರು, ಕಾಫಿ ಲೋಟ ಕೆಳಗಿಟ್ಟು, ‘ರಾತ್ರಿ 11ಕ್ಕೂ ಕಾಲ್ ಬರುತ್ತೆ ಸರ್’ ಅಂದರು. ಮರುದಿನವೇ ರಾತ್ರಿ ಕಾಲ್‌ಗಳಿಗೆ ಸರದಿ ಹಾಕಿದೆವು. ಎಂಟು ಜನರಿದ್ದರೆ ವಾರಕ್ಕೆ 4 ಗಂಟೆ ಹೋಗುತ್ತದೆ, ನಿಜ.

ನಾನಾದರೆ ಸ್ಟ್ಯಾಂಡಪ್ಪನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿ, ಒಬ್ಬೊಬ್ಬರ ಜೊತೆಗಿನ ಮಾತನ್ನು ಉಳಿಸಿಕೊಳ್ಳುತ್ತೇನೆ. ಸಾಫ್ಟ್‌ವೇರ್ ರಿಲೀಸ್ (ಬಿಡುಗಡೆ) ಇರುವ ವಾರ ಮಾತ್ರ ಉಲ್ಟಾ.