ಅಣು ಕಸಕ್ಕೆ ಸಿಮೆಂಟಾ, ಡಾಂಬರಾ, ಗಾಜಾ?

ಅಣು ಸ್ಥಾವರಗಳ ವಿಕಿರಣದ ಕಸ ಹೊರಗೆ ಸೋರದಿರಲೆಂದು ಈ ಮೂರರಲ್ಲಿ ಒಂದರ ಜೊತೆ ಬೆರೆಸಿ ಗಟ್ಟಿ ಮಾಡುತ್ತಾರೆ. ಯಾವುದು ಒಳ್ಳೆಯದು ಅಂದರೆ, ಮೊದಲು ಕಸ ಯಾವುದು ಅಂತ ನೋಡಬೇಕು.

ಖರ್ಚಿನಲ್ಲಿ ಸಿಮೆಂಟೇ ಅಗ್ಗ. ಕುಲುಮೆ ಬೇಡ, ಡ್ರಮ್ಮಿನಲ್ಲೇ ಕಲಸಬಹುದು. ಡಾಂಬರನ್ನು ಬಿಸಿ ಮಾಡಲೇಬೇಕು. ಗಾಜಿಗಂತೂ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಬೇಕು, ದುಬಾರಿ.

ಸಿಮೆಂಟಿನ ನಿಜವಾದ ಬಲ ಅದರ ಕ್ಷಾರ. ಒಳಗಿನ ನೀರಿನ ಪಿಎಚ್ (ಕ್ಷಾರದ ಅಳತೆ) 12.5 ದಾಟುತ್ತದೆ. ಅಲ್ಲಿ ಪ್ಲುಟೋನಿಯಂನಂಥ ವಿಕಿರಣ ಧಾತುಗಳು ಕರಗುವುದೇ ಕಷ್ಟ. ಆದರೆ ಸೀಸಿಯಂ ಎಂಬ ಇನ್ನೊಂದು ವಿಕಿರಣ ಧಾತು ನೀರಿನ ಜೊತೆ ಸುಲಭವಾಗಿ ಜಾರಿಕೊಳ್ಳುತ್ತದೆ. ಕಸದಲ್ಲಿ ಅಲ್ಯೂಮಿನಿಯಂ ಇದ್ದರೆ ಅದೇ ಕ್ಷಾರ ಹೈಡ್ರೋಜನ್ ಹುಟ್ಟಿಸುತ್ತದೆ. ಬೋರಾನ್ ಇದ್ದರೆ ಸಿಮೆಂಟ್ ಗಟ್ಟಿಯಾಗೋದೇ ತಡ. ಸಿಮೆಂಟ್ ಗಟ್ಟಿಯಾಗುವಾಗ ದೊಡ್ಡ ಡ್ರಮ್ಮುಗಳಲ್ಲಿ ಬಿಸಿ ಏರದಿರಲೆಂದು ಬ್ರಿಟನ್ನಿನ ಸೆಲಾಫೀಲ್ಡ್ ಅಣು ಕೇಂದ್ರದಲ್ಲಿ ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿಯನ್ನೇ ಜಾಸ್ತಿ ಬೆರೆಸುತ್ತಾರೆ.

ಡಾಂಬರು ನೀರು ತಡೆಯೋದರಲ್ಲಿ ಜಾಣ, ಆದರೆ ಉರಿಯುತ್ತದೆ ಅಲ್ವಾ! 1997ರಲ್ಲಿ ಜಪಾನಿನ ಟೋಕೈಯ ಡಾಂಬರು ಘಟಕದಲ್ಲಿ ಬೆಂಕಿ, ಸ್ಫೋಟ ಎರಡೂ ಆದವು. ಬೆಂಕಿಗೆ ಕುಮ್ಮಕ್ಕು ಕೊಡುವ ನೈಟ್ರೇಟ್ ಉಪ್ಪಿರುವ ಕಸಕ್ಕೆ ನಾನಂತೂ ಇದನ್ನು ಆರಿಸಲಾರೆ.

ಬಳಸಿದ ಅಣು ಇಂಧನದ ಮರುಸಂಸ್ಕರಣೆಯಿಂದ ಬರುವ ಬಿಸಿಯಾದ, ತೀವ್ರ ವಿಕಿರಣದ ದ್ರವಕ್ಕೆ ಬೋರೋಸಿಲಿಕೇಟ್ (ಬೋರಾನ್ ಬೆರೆತ) ಗಾಜು ಸರಿ. ತಾರಾಪುರ, ಕಲ್ಪಾಕ್ಕಂಗಳಲ್ಲೂ ಅದೇ ದಾರಿ. ಸ್ಥಾವರದ ಕೆಸರು, ಫಿಲ್ಟರ್‌ನಂಥ ಕಡಿಮೆ ತೀವ್ರತೆಯ ಕಸಕ್ಕೆ ಸಿಮೆಂಟ್ ಸಾಕು. ಸೀಸಿಯಂ ಜಾಸ್ತಿ ಇದ್ದರೆ ಅದನ್ನು ಹಿಡಿಯುವ ಜಿಯೋಲೈಟ್ ಎಂಬ ಖನಿಜ ಬೆರೆಸಿ.